ಅನ್ನವೇ ಭಯವಾದಾಗ: ಆಹಾರ ಸೇವನೆಯ ಕಾಯಿಲೆ ಮತ್ತು ಮನೆಯವರ ಹೊಣೆ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಿತಮಿತವಾಗಿ ಉಣ್ಣಲು ಕಲಿತವನು ಆರೋಗ್ಯವಂತನಾಗಿರುತ್ತಾನೆ ಎಂಬುದು ಇದರ ತಾತ್ಪರ್ಯ. ಆದರೆ ಉಣ್ಣುವ ಶಕ್ತಿಯನ್ನೇ ಕಸಿದುಕೊಳ್ಳುವ ಕಾಯಿಲೆಯೊಂದಿದೆ. ಅದು ಹೊಕ್ಕ ಮನೆಯಲ್ಲಿ ಮೊದಲು ಊಟ ಕೆಡುತ್ತದೆ, ಅನಂತರ ಮಾತು ಕೆಡುತ್ತದೆ. ರೋಗ ಒಬ್ಬರಿಗಾದರೂ ಅದರ ಭಾರ ಮನೆಮಂದಿಯೆಲ್ಲರ ಮೇಲೆ ಬೀಳುತ್ತದೆ. ಈ ಭಾರವನ್ನು ಹೊರುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರ ಮಾಡಲಾಗಿದೆ.

ಒಂದು ಮನೆಯ ಚಿತ್ರ

ಮಹಾನಗರವೊಂದರಲ್ಲಿರುವ ಎರಡು ಕೋಣೆಗಳ ಕನ್ನಡಿಗರ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ತಂದೆ ಬೆಳಗ್ಗೆ ಎಂಟರ ಲೋಕಲ್ ಗಾಡಿ ಹಿಡಿಯುವವರು. ತಾಯಿಯೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಅಜ್ಜಿ, ಹದಿನಾರು ವರ್ಷದ ಮಗಳು ಮತ್ತು ಅವಳ ತಮ್ಮ. ಓದಿನಲ್ಲಿ ಸದಾ ಮುಂದಿದ್ದ ಮಗಳು ಒಂದು ದಿನ ಸಿಹಿತಿಂಡಿ ಬಿಟ್ಟಳು. ಕೆಲವು ವಾರಗಳ ಬಳಿಕ ತುಪ್ಪ ಬಿಟ್ಟಳು. ಅನಂತರ ಅನ್ನವನ್ನೂ ಬಿಟ್ಟಳು. ಶನಿವಾರ ಒಪ್ಪತ್ತು ಮಾಡುವೆನೆಂದಾಗ ಅಜ್ಜಿಗೆ ಸಂತೋಷವೇ ಆಯಿತು. ಸೋಮವಾರವೂ ಸೇರಿಕೊಂಡಾಗ ಯಾರೂ ಪ್ರಶ್ನಿಸಲಿಲ್ಲ. ಕಾಲೇಜಿಗೆ ಕೊಟ್ಟ ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು. ಅದನ್ನು ತಿಂದವರು ಗೆಳತಿಯರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಮಹಡಿ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದುದು ತಮ್ಮನಿಗೆ ಮಾತ್ರ ತಿಳಿದಿತ್ತು.

ದಸರೆಗೆ ಊರಿಗೆ ಹೋದಾಗ ಸೋದರತ್ತೆ ಅವಳನ್ನು ಕಂಡು, “ಏನೇ ಹುಡುಗಿ, ಕಡ್ಡಿ ಆಗಿ ಹೋಗಿದ್ದೀಯಲ್ಲೇ!” ಎಂದು ಕೈ ಹಿಡಿದು ಕಣ್ಣೀರು ಹಾಕಿದರು. ದಿನವೂ ನೋಡುವ ಕಣ್ಣುಗಳಿಗೆ ಕಾಣದ್ದು ವರ್ಷಕ್ಕೊಮ್ಮೆ ನೋಡುವ ಕಣ್ಣಿಗೆ ಕಂಡಿತು. ನಗರಕ್ಕೆ ಮರಳಿದ ದಿನದಿಂದ ಆ ಮನೆಯಲ್ಲಿ ತಟ್ಟೆಯ ಮುಂದೆ ಯುದ್ಧ ಆರಂಭವಾಯಿತು. ಅಜ್ಜಿ “ನನ್ನಾಣೆ, ಒಂದು ತುತ್ತು ತಿನ್ನು” ಎನ್ನುವರು. ತಂದೆ ಗದರುವರು. ತಾಯಿ ಅಡಿಗೆಮನೆಯಲ್ಲಿ ನಿಂತು ಅಳುವರು. ತಮ್ಮ ತನ್ನ ತಟ್ಟೆಯನ್ನೆತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಉಣ್ಣುವನು.

ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ಪ್ರೀತಿಯಿಂದಲೇ ನಡೆದುಕೊಳ್ಳುತ್ತಿದ್ದಾರೆ. ಆದರೂ ರೋಗ ಬಲಿಯುತ್ತಿದೆ. ಏಕೆ?

ಕಾಯಿಲೆಯ ಸ್ವರೂಪ

ಈ ಹುಡುಗಿಗೆ ಬಂದಿರುವ ಕಾಯಿಲೆಯನ್ನು ವೈದ್ಯರು ಅನೋರೆಕ್ಸಿಯಾ ನರ್ವೋಸಾ ಎನ್ನುತ್ತಾರೆ. ಇದು ಹೊಸ ಕಾಲದ ಚಾಳಿಯೆಂದು ಭಾವಿಸುವವರುಂಟು. ಆದರೆ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ 1689ರಷ್ಟು ಹಿಂದೆಯೇ ಇಂತಹ ರೋಗಿಗಳನ್ನು ವರ್ಣಿಸಿದ್ದನು. ಅವರಲ್ಲಿ ಒಬ್ಬ ಹುಡುಗನೂ ಇದ್ದನು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ ಎಂಬ ವೈದ್ಯರು ಬೇರೆ ಬೇರೆಯಾಗಿ ಇದರ ಬಗ್ಗೆ ಬರೆದರು. ಈಗ ಬಳಕೆಯಲ್ಲಿರುವ ಹೆಸರು ಗಲ್ ಕೊಟ್ಟದ್ದು. ಅನೋರೆಕ್ಸಿಯಾ ಎಂದರೆ ಹಸಿವಿಲ್ಲದಿರುವುದು ಎಂದರ್ಥ. ಆದರೆ ಹೆಸರು ಹೇಳುವಂತೆ ಇಲ್ಲಿ ಹಸಿವು ಇಲ್ಲದೆ ಹೋಗುವುದಿಲ್ಲ. ಹಸಿವಿಗಿಂತ ಭಯ ದೊಡ್ಡದಾಗಿರುತ್ತದೆ. ಎಷ್ಟೇ ಸೊರಗಿದರೂ ತಾನು ದಪ್ಪವಾಗಿದ್ದೇನೆಂಬ ಭಾವನೆ ರೋಗಿಯನ್ನು ಬಿಡುವುದಿಲ್ಲ. ನಮ್ಮ ದೇಶದ ಕೆಲವು ರೋಗಿಗಳಲ್ಲಿ ದಪ್ಪವಾಗುವ ಭಯದ ಮಾತೇ ಬರದೆ, ಹೊಟ್ಟೆ ಉಬ್ಬರ, ಅಜೀರ್ಣ, ತಿಂದದ್ದು ಒಗ್ಗದಿರುವುದು ಎಂಬ ದೂರುಗಳೇ ಮುಂದಾಗಿರುವುದನ್ನು ಮನೋವೈದ್ಯರು ಗಮನಿಸಿದ್ದಾರೆ.

ಇದರ ನೆಂಟನಾದ ಇನ್ನೊಂದು ಕಾಯಿಲೆ ಬುಲಿಮಿಯಾ ನರ್ವೋಸಾ. ಇದನ್ನು 1979ರಲ್ಲಿ ಗುರುತಿಸಿ ಹೆಸರಿಟ್ಟವರು ಜೆರಾಲ್ಡ್ ರಸೆಲ್ ಎಂಬ ಬ್ರಿಟಿಷ್ ಮನೋವೈದ್ಯರು. ಹತೋಟಿ ತಪ್ಪಿ ಒಂದೇ ಸಲಕ್ಕೆ ಅತಿಯಾಗಿ ತಿನ್ನುವುದು, ಬಳಿಕ ಪಶ್ಚಾತ್ತಾಪದಿಂದ ವಾಂತಿ, ಭೇದಿಮಾತ್ರೆ ಅಥವಾ ಉಪವಾಸದ ಮೂಲಕ ಅದನ್ನು ಕಳೆದುಕೊಳ್ಳಲು ಯತ್ನಿಸುವುದು ಇದರ ಲಕ್ಷಣ. ಮೈತೂಕ ಬಹುಪಾಲು ಸಾಮಾನ್ಯವಾಗಿಯೇ ಇರುವುದರಿಂದ ಮನೆಯವರಿಗೆ ವರ್ಷಗಟ್ಟಲೆ ತಿಳಿಯದೆ ಹೋಗಬಹುದು. ಮೂರನೆಯ ಬಗೆಯಲ್ಲಿ ಅತಿಯಾಗಿ ತಿನ್ನುವುದು ಮಾತ್ರವಿದ್ದು, ಅದನ್ನು ಹೊರಹಾಕುವ ಪ್ರಯತ್ನವಿರುವುದಿಲ್ಲ.

ಇವು ಹದಿಹರೆಯದ ಹೆಣ್ಣುಮಕ್ಕಳಲ್ಲಿ ಹೆಚ್ಚು. ಆದರೆ ಗಂಡುಮಕ್ಕಳಿಗೂ ವಯಸ್ಕರಿಗೂ ಬರುತ್ತವೆ. ಸಿರಿವಂತರ ಮನೆಗೆ ಮಾತ್ರ ಬರುತ್ತವೆಂಬುದು ತಪ್ಪು ತಿಳಿವಳಿಕೆ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಸಾವುಗಳಿಗೆ ಕಾರಣವಾಗುವವುಗಳ ಸಾಲಿನಲ್ಲಿ ಅನೋರೆಕ್ಸಿಯಾ ಸೇರಿದೆ. ಅಮೆರಿಕೆಯ ಸುಪ್ರಸಿದ್ಧ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ ತನ್ನ 32ನೆಯ ವಯಸ್ಸಿನಲ್ಲಿ ಈ ಕಾಯಿಲೆಯಿಂದ ಹೃದಯ ಸೋತು ತೀರಿಕೊಂಡಾಗಲೇ ಜಗತ್ತಿನ ಬಹುಪಾಲು ಜನ ಇದರ ಹೆಸರನ್ನು ಕೇಳಿದರು. ಆದುದರಿಂದ “ವಯಸ್ಸಿನ ಹಟ, ತಾನೇ ಸರಿಹೋಗುತ್ತದೆ” ಎಂದು ಕಾಯುತ್ತ ಕೂರುವುದು ಅಪಾಯಕರ.

ಹಸಿವು ಮನಸ್ಸನ್ನೂ ಕೆಡಿಸುತ್ತದೆ

ಮನೆಯವರು ಮೊಟ್ಟಮೊದಲು ಅರಿತುಕೊಳ್ಳಬೇಕಾದ ಸಂಗತಿಯೊಂದಿದೆ. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, 1944-45ರಲ್ಲಿ, ಅಮೆರಿಕೆಯ ಮಿನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ದೇಹದಲ್ಲಿಯೂ ಮನಸ್ಸಿನಲ್ಲಿಯೂ ಗಟ್ಟಿಯಾಗಿದ್ದ 36 ಮಂದಿ ಯುವಕರು ತಾವಾಗಿಯೇ ಒಪ್ಪಿ ಇದರಲ್ಲಿ ಭಾಗವಹಿಸಿದರು. ಅವರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಊಟ ಕೊಡಲಾಯಿತು. ಅವರ ಮೈತೂಕ ಸುಮಾರು ಕಾಲುಭಾಗ ಇಳಿಯಿತು. ಆಗ ಅವರ ಮನಸ್ಸುಗಳಲ್ಲಿ ಆದ ಬದಲಾವಣೆ ಆಶ್ಚರ್ಯಕರವಾಗಿತ್ತು. ಹಗಲಿರುಳೂ ಊಟದ್ದೇ ಯೋಚನೆ. ಕೆಲವರು ಅಡಿಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಕಲಸುತ್ತ ಕೂರುತ್ತಿದ್ದರು. ಸಿಡುಕು, ಖಿನ್ನತೆ, ಗೆಳೆಯರಿಂದ ದೂರ ಸರಿಯುವಿಕೆ ಅವರನ್ನು ಆವರಿಸಿದವು.

ಈ ಪ್ರಯೋಗದಿಂದ ತಿಳಿದುಬರುವುದೇನೆಂದರೆ, ರೋಗಿಯ ಸಿಡುಕು, ಸುಳ್ಳು, ಮೊಂಡುತನಗಳಲ್ಲಿ ಬಹುಪಾಲು ಅವಳ ಸ್ವಭಾವದ ದೋಷಗಳಲ್ಲ. ಉಪವಾಸದಿಂದ ಬಳಲಿದ ಮಿದುಳಿನ ಲಕ್ಷಣಗಳು. ದೇಹಕ್ಕೆ ಆಹಾರ ಸಿಕ್ಕದ ಹೊರತು ಮನಸ್ಸಿಗೆ ಬುದ್ಧಿಮಾತು ಹತ್ತುವುದಿಲ್ಲ. ಜ್ವರದಿಂದ ಕನವರಿಸುವವರೊಡನೆ ಯಾರೂ ವಾದ ಮಾಡುವುದಿಲ್ಲವಷ್ಟೆ? ಇಲ್ಲಿಯೂ ಅದೇ ವಿವೇಕ ಬೇಕು.

ತಪ್ಪು ಯಾರದು?

ಇಂತಹ ಕಾಯಿಲೆ ಕಂಡೊಡನೆ ಮನೆಯಲ್ಲಿ ಏಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಬೆರಳು ತಾಯಿಯ ಕಡೆಗೇ ತಿರುಗುತ್ತದೆ. “ಕೆಲಸ ಕೆಲಸ ಎಂದು ಹೋದಳು, ಮಗುವಿನ ಕಡೆ ನೋಡಲಿಲ್ಲ” ಎಂಬ ಮಾತು ಬಂಧುಗಳಿಂದ ಬರುತ್ತದೆ. ವೈದ್ಯಶಾಸ್ತ್ರವೂ ಒಂದು ಕಾಲದಲ್ಲಿ ಹೀಗೆಯೇ ಯೋಚಿಸುತ್ತಿತ್ತು. ಇಂತಹ ರೋಗಿಗಳನ್ನು ನೋಡಿಕೊಳ್ಳಲು ಬಂಧುಗಳು ಯೋಗ್ಯರಲ್ಲವೆಂದು ಗಲ್ ಅಭಿಪ್ರಾಯಪಟ್ಟಿದ್ದರು. ಲಾಸೆಗ್ ಬೇರೊಂದು ವಿಷಯವನ್ನು ಗಮನಿಸಿದ್ದರು: ಮನೆಯವರ ಬತ್ತಳಿಕೆಯಲ್ಲಿರುವುದು ಎರಡೇ ಬಾಣಗಳು, ಅಂಗಲಾಚುವುದು ಮತ್ತು ಬೆದರಿಸುವುದು, ಇವೆರಡೂ ಬೇಗನೆ ಬರಿದಾಗುತ್ತವೆ. ನಮ್ಮ ಅಜ್ಜಿಯ ಆಣೆಯನ್ನೂ ತಂದೆಯ ಗದರಿಕೆಯನ್ನೂ ನೆನೆದರೆ ಆ ಫ್ರೆಂಚ್ ವೈದ್ಯರ ಸೂಕ್ಷ್ಮದೃಷ್ಟಿ ಮನವರಿಕೆಯಾಗುತ್ತದೆ.

ಈಗ ಅಭಿಪ್ರಾಯ ಬದಲಾಗಿದೆ. ಈ ಕಾಯಿಲೆಗೆ ಅನುವಂಶೀಯತೆಯ ಪಾಲು ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. 2019ರಲ್ಲಿ ಪ್ರಕಟವಾದ ದೊಡ್ಡ ಸಂಶೋಧನೆಯೊಂದು ಅನೋರೆಕ್ಸಿಯಾಕ್ಕೆ ಸಂಬಂಧಿಸಿದ ಎಂಟು ಅನುವಂಶಿಕ ತಾಣಗಳನ್ನು ಗುರುತಿಸಿ, ಈ ಕಾಯಿಲೆಯ ಬೇರು ಮನಸ್ಸಿನಲ್ಲಿ ಮಾತ್ರವಲ್ಲದೆ ದೇಹದ ಚಯಾಪಚಯ ಕ್ರಿಯೆಯಲ್ಲಿಯೂ ಇರಬಹುದೆಂದು ಸೂಚಿಸಿತು. ಇಂತಹ ಪ್ರವೃತ್ತಿಯುಳ್ಳ ಮಗುವಿಗೆ ಪರೀಕ್ಷೆಯ ಒತ್ತಡ, ಗೆಳೆಯರ ಚೇಷ್ಟೆ, ಕೈಯಲ್ಲಿರುವ ಮೊಬೈಲಿನ ತೆಳುಮೈಯ ಚಿತ್ರಗಳು, ಅಥವಾ ಜ್ವರವೊಂದರಿಂದಾದ ತೂಕದ ಇಳಿತವೇ ಕಿಡಿಯಾಗಬಹುದು. ಮನೆಯವರೇ ಕಾರಣರೆಂಬ ವಾದಕ್ಕೆ ಆಧಾರವಿಲ್ಲ. ಆದುದರಿಂದ ತಾಯಿತಂದೆಗಳು ಪರಸ್ಪರ ದೂಷಣೆಯನ್ನೂ ತಮ್ಮನ್ನು ತಾವೇ ಹಳಿದುಕೊಳ್ಳುವುದನ್ನೂ ಬಿಟ್ಟು, ಆ ಶಕ್ತಿಯನ್ನು ಆರೈಕೆಗೆ ಉಳಿಸಿಕೊಳ್ಳಬೇಕು.

ಮೊದಲ ಹೆಜ್ಜೆ ವೈದ್ಯರ ಬಳಿಗೆ

ತೂಕ ಇಳಿಯುತ್ತಲೇ ಇರುವುದು, ಮುಟ್ಟು ನಿಲ್ಲುವುದು, ಸದಾ ಚಳಿಯೆನ್ನುವುದು, ಕೂದಲು ಉದುರುವುದು, ಮೈಮೇಲೆ ನವಿರು ಕೂದಲು ಬೆಳೆಯುವುದು, ತಲೆ ಸುತ್ತುವುದು ಅನೋರೆಕ್ಸಿಯಾದ ಕುರುಹುಗಳು. ಊಟವಾದೊಡನೆ ಬಚ್ಚಲಿಗೆ ಹೋಗುವುದು, ಕೆನ್ನೆಯ ಹಿಂಭಾಗದಲ್ಲಿ ಬಾವು, ಹಲ್ಲಿನ ಸವೆತ, ಡಬ್ಬಗಳಲ್ಲಿಟ್ಟ ತಿಂಡಿ ಒಮ್ಮೆಲೇ ಮಾಯವಾಗುವುದು ಬುಲಿಮಿಯಾದ ಕುರುಹುಗಳು. ಇಂತಹವು ಕಂಡಾಗ ಮನೆಯ ವೈದ್ಯರನ್ನು ಕಾಣಬೇಕು. ಅವರು ನಾಡಿ, ರಕ್ತದೊತ್ತಡ, ರಕ್ತಪರೀಕ್ಷೆ, ಇ.ಸಿ.ಜಿ.ಗಳನ್ನು ನೋಡಿ ಮನೋವೈದ್ಯರ ಬಳಿಗೆ ಕಳುಹಿಸುವರು. ಕ್ಷಯ, ಥೈರಾಯಿಡ್ ಮತ್ತು ಕರುಳಿನ ರೋಗಗಳಿಂದಲೂ ಮೈ ಇಳಿಯುವುದರಿಂದ ಈ ತಪಾಸಣೆ ಅವಶ್ಯ.

ಮೂರ್ಛೆ, ಎದೆನೋವು, ಎದೆಬಡಿತದಲ್ಲಿ ಏರುಪೇರು, ಕುಕ್ಕರುಗಾಲಿನಲ್ಲಿ ಕುಳಿತವರಿಗೆ ಕೈ ಊರದೆ ಏಳಲಾಗದಿರುವುದು, ನೀರನ್ನೂ ನಿರಾಕರಿಸುವುದು, ವಾಂತಿಯಲ್ಲಿ ರಕ್ತ, ಸಾವಿನ ಮಾತು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲಬಹುದು.

ಇನ್ನೊಂದು ಎಚ್ಚರಿಕೆ. ಬಹಳ ಕಾಲ ಉಪವಾಸದಿಂದ ಸೊರಗಿದ ದೇಹಕ್ಕೆ ಒಮ್ಮೆಲೇ ಭಾರಿ ಊಟ ಕೊಟ್ಟರೆ ರಕ್ತದಲ್ಲಿನ ರಂಜಕದ ಅಂಶ ಕುಸಿದು ಪ್ರಾಣಾಪಾಯವಾಗಬಹುದು. ಮಹಾಯುದ್ಧದ ಬಳಿಕ ಬಿಡುಗಡೆಯಾದ ಸೆರೆಯಾಳುಗಳಲ್ಲಿ ಇದು ಕಂಡುಬಂದಿತ್ತು. ಆದುದರಿಂದ ತೀವ್ರವಾಗಿ ಸೊರಗಿದವರ ಊಟದ ಪ್ರಮಾಣವನ್ನು ವೈದ್ಯರ ಸಲಹೆಯಂತೆಯೇ ಏರಿಸಬೇಕು.

ಮನೆಯೇ ಚಿಕಿತ್ಸಾಲಯ

ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರು ಮನೆಯವರನ್ನು ದೂರವಿಡುವ ಬದಲು ಅವರ ಕೈಗೇ ಚಿಕಿತ್ಸೆಯ ಹೊಣೆಯನ್ನು ಕೊಟ್ಟು ನೋಡಿದರು. ಎಳೆಯ ವಯಸ್ಸಿನಲ್ಲಿ ರೋಗ ಆರಂಭವಾಗಿ ಮೂರು ವರ್ಷ ದಾಟಿರದವರಲ್ಲಿ ಈ ಕ್ರಮವು ರೋಗಿಯೊಬ್ಬರಿಗೇ ಕೊಟ್ಟ ಚಿಕಿತ್ಸೆಗಿಂತ ಮೇಲೆಂದು 1987ರಲ್ಲಿ ಪ್ರಕಟವಾದ ಅವರ ವರದಿ ತೋರಿಸಿತು. ಅಮೆರಿಕೆಯಲ್ಲಿ 121 ಮಂದಿ ಹದಿಹರೆಯದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚಿಕಿತ್ಸೆ ಮುಗಿದ ಒಂದು ವರ್ಷದ ಬಳಿಕ, ಕುಟುಂಬ ಚಿಕಿತ್ಸೆ ಪಡೆದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಪೂರ್ಣ ಗುಣ ಹೊಂದಿದ್ದರು. ವೈಯಕ್ತಿಕ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಕಾಲುಭಾಗಕ್ಕಿಂತ ಕಡಿಮೆಯಿತ್ತು.

ಈ ಕ್ರಮದಲ್ಲಿ ಮೂರು ಹಂತಗಳಿವೆ. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಉಣ್ಣಬೇಕೆಂಬುದನ್ನು ತಾಯಿತಂದೆಗಳೇ ನಿರ್ಧರಿಸುತ್ತಾರೆ. ತೂಕ ಸುಧಾರಿಸಿ ಊಟದ ಭಯ ತಗ್ಗಿದ ಮೇಲೆ ಎರಡನೆಯ ಹಂತದಲ್ಲಿ ಆ ಹೊಣೆಯನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿಗೆ ಹಿಂದಿರುಗಿಸಲಾಗುತ್ತದೆ. ಮೂರನೆಯ ಹಂತದಲ್ಲಿ ಓದು, ಸ್ನೇಹ, ಸ್ವಾತಂತ್ರ್ಯ ಮೊದಲಾದ ವಯೋಸಹಜ ವಿಷಯಗಳ ಕಡೆಗೆ ಗಮನ ಹರಿಯುತ್ತದೆ. ಇದೆಲ್ಲಕ್ಕೂ ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಅನೋರೆಕ್ಸಿಯಾವನ್ನು ಗುಣಪಡಿಸುವ ಮಾತ್ರೆ ಯಾವುದೂ ಇಲ್ಲದಿರುವುದರಿಂದ ಆಹಾರವೇ ಔಷಧ, ಮನೆಯವರೇ ದಾದಿಯರು.

ಊಟದ ಹೊತ್ತಿನಲ್ಲಿ ನೆನಪಿಡಬೇಕಾದ ಅಂಶಗಳು ಹೀಗಿವೆ:

1. ತಾಯಿತಂದೆಗಳ ಮಾತು ಒಂದೇ ಆಗಿರಬೇಕು. ಒಬ್ಬರು ಎರಡು ಚಪಾತಿ ಎಂದು, ಇನ್ನೊಬ್ಬರು “ಹೋಗಲಿ, ಒಂದು ಸಾಕು” ಎಂದರೆ ಆ ಬಿರುಕಿನಲ್ಲಿ ಕಾಯಿಲೆ ನುಸುಳುತ್ತದೆ. ಅಜ್ಜ ಅಜ್ಜಿಯರಿಗೂ ಈ ನಿರ್ಧಾರವನ್ನು ಮೊದಲೇ ತಿಳಿಸಿರಬೇಕು.

2. ಊಟದ ಹೊತ್ತು ನಿಗದಿಯಾಗಿರಲಿ. ಬಡಿಸಿದ ಮೇಲೆ ಚೌಕಾಸಿ ಬೇಡ. ಎಷ್ಟು ತುಪ್ಪ, ಎಷ್ಟು ಎಣ್ಣೆ ಎಂಬ ಚರ್ಚೆಗೆ ತಟ್ಟೆಯ ಮುಂದೆ ಎಡೆಗೊಡಬಾರದು.

3. ಯಾರಾದರೊಬ್ಬರು ಜೊತೆಯಲ್ಲಿ ಕುಳಿತು ಉಣ್ಣಬೇಕು. “ಇದು ನಿನಗೆ ಎಷ್ಟು ಕಷ್ಟ ಅಂತ ನಮಗೆ ಗೊತ್ತಮ್ಮ. ಆದರೆ ಇವತ್ತು ಇದೇ ನಿನ್ನ ಔಷಧಿ. ನೀನು ಮುಗಿಸೋ ತನಕ ನಾನಿಲ್ಲೇ ಕೂತಿರ್ತೀನಿ” ಎಂಬಂತಹ ಮೃದುವಾದ, ಆದರೆ ಬಾಗದ ಮಾತು ಸಾಕು.

4. ಊಟವಾದ ಬಳಿಕ ಅರ್ಧ, ಮುಕ್ಕಾಲು ಗಂಟೆ ಒಂಟಿಯಾಗಿ ಬಿಡದೆ ಹರಟೆ, ಕೇರಂ, ದೂರದರ್ಶನ ಏನಾದರೊಂದರಲ್ಲಿ ಜೊತೆಗಿರಬೇಕು.

5. “ಈಗ ಮುಖದಲ್ಲಿ ಕಳೆ ಬಂದಿದೆ, ಮೈ ತುಂಬಿಕೊಂಡಿದೆ” ಎಂಬ ಮೆಚ್ಚುಗೆಯೂ ಬೇಡ. ಅದು ರೋಗಿಯ ಕಿವಿಗೆ “ದಪ್ಪಗಾಗಿದ್ದೀಯೆ” ಎಂದೇ ಕೇಳಿಸುತ್ತದೆ.

6. ಒಂದು ಹೊತ್ತಿನ ಊಟ ಕೆಟ್ಟರೆ ದಿನವೆಲ್ಲ ಕೆಟ್ಟಿತೆಂದು ಎಣಿಸದೆ ಮುಂದಿನ ಹೊತ್ತಿಗೆ ಸಿದ್ಧರಾಗಬೇಕು.

ರೋಗಿ ವಯಸ್ಕರಾಗಿದ್ದರೆ ಇಷ್ಟು ಅಧಿಕಾರ ನಡೆಯದು. ಸೊಸೆಯೋ ಉದ್ಯೋಗಸ್ಥ ಮಗನೋ ಆಗಿದ್ದರೆ ಅವರ ಒಪ್ಪಿಗೆಯಿಂದಲೇ, ಅವರು ಬಯಸಿದಷ್ಟು ನೆರವನ್ನೇ ಕೊಡಬೇಕಾಗುತ್ತದೆ. ಬುಲಿಮಿಯಾದಲ್ಲಿ ಮಾತಿನ ಚಿಕಿತ್ಸೆ ಹೆಚ್ಚು ಫಲಕಾರಿ. ಕೆಲವರಿಗೆ ಮಾತ್ರೆಗಳಿಂದಲೂ ಸಹಾಯವಾಗುತ್ತದೆ.

ಪ್ರಾಣಿಗಳಿಂದ ಪಾಠ

ಆರೈಕೆ ಮಾಡುವವರ ನಡವಳಿಕೆಯನ್ನು ಇಂಗ್ಲೆಂಡಿನ ಮನೋವೈದ್ಯೆ ಜಾನೆಟ್ ಟ್ರೆಷರ್ ಪ್ರಾಣಿಗಳ ಹೋಲಿಕೆಯಿಂದ ವಿವರಿಸಿದ್ದಾರೆ. ಕೆಲವರು ಕಾಂಗರೂವಿನಂತೆ ಮಗುವನ್ನು ಚೀಲದೊಳಗಿಟ್ಟುಕೊಂಡು ಯಾವ ನೋವೂ ತಾಗದಂತೆ ಕಾಯುತ್ತಾರೆ. ಕೆಲವರು ಘೇಂಡಾಮೃಗದಂತೆ ತರ್ಕದ ಕೊಂಬಿನಿಂದ ಹಾಯುತ್ತಾರೆ. ಕೆಲವರು ಟೆರಿಯರ್ ನಾಯಿಯಂತೆ ಬಿಡದೆ ಕಿರುಚುತ್ತ ಹಿಂದೆ ಬೀಳುತ್ತಾರೆ. ಉಷ್ಟ್ರಪಕ್ಷಿಯಂತೆ ಮರಳಿನಲ್ಲಿ ತಲೆ ಹುದುಗಿಸಿ ಕಚೇರಿಯಲ್ಲೇ ಹೊತ್ತು ಕಳೆಯುವವರುಂಟು. ಜೆಲ್ಲಿ ಮೀನಿನಂತೆ ದುಃಖದಲ್ಲಿ ಕರಗಿಹೋಗುವವರೂ ಉಂಟು. ಮೇಲೆ ಹೇಳಿದ ಮನೆಯಲ್ಲಿ ಇವರಲ್ಲಿ ಮೂವರನ್ನಾದರೂ ಗುರುತಿಸಬಹುದು!

ಬೇಕಾದುದು ಡಾಲ್ಫಿನ್ ಮತ್ತು ಸೇಂಟ್ ಬರ್ನಾರ್ಡ್ ನಾಯಿಯ ಗುಣ. ಡಾಲ್ಫಿನ್ ಜೊತೆಜೊತೆಗೆ ಈಜುತ್ತದೆ. ಕೆಲವೊಮ್ಮೆ ಮುಂದೆ ಹೋಗಿ ದಾರಿ ತೋರುತ್ತದೆ, ಕೆಲವೊಮ್ಮೆ ಹಿಂದಿನಿಂದ ಮೆಲ್ಲಗೆ ನೂಕುತ್ತದೆ. ಸೇಂಟ್ ಬರ್ನಾರ್ಡ್ ನಾಯಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದಾರಿ ತಪ್ಪಿದವರನ್ನು ಗಾಬರಿಯಿಲ್ಲದೆ ಹುಡುಕಿ ಬೆಚ್ಚಗಿರಿಸುವುದಕ್ಕೆ ಹೆಸರಾದುದು. ಮೂದಲಿಕೆ ಹೆಚ್ಚಿರುವ ಮನೆಗಳಲ್ಲಿ ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದೂ ಫಲ ಕಡಿಮೆಯಾಗುವುದೂ ಸಂಶೋಧನೆಗಳಿಂದ ತಿಳಿದುಬಂದಿದೆ. ಕೋಪವನ್ನು ಕಾಯಿಲೆಯ ಮೇಲೆ ಇಟ್ಟುಕೊಂಡು ಮಗುವಿನ ಮೇಲೆ ಪ್ರೀತಿಯನ್ನು ಉಳಿಸಿಕೊಳ್ಳುವುದೇ ಇಲ್ಲಿನ ಸಾಧನೆ.

ವ್ರತ, ನೆಂಟರು, ನೆರೆಹೊರೆ

“ಊಟ ಆಯಿತೇ?” ಎಂಬುದೇ ನಮ್ಮಲ್ಲಿ ಕುಶಲಪ್ರಶ್ನೆ. ಇನ್ನೊಂದು ಸೌಟು ಬಡಿಸುವುದೇ ಪ್ರೀತಿಯ ಭಾಷೆ. ಇಂತಹ ಮನೆಯಲ್ಲಿ ತಟ್ಟೆಯನ್ನು ದೂರ ತಳ್ಳಿದರೆ ತಮ್ಮನ್ನೇ ತಳ್ಳಿದಂತೆ ಹಿರಿಯರಿಗೆ ನೋವಾಗುವುದು ಸಹಜ. ಇದು ತಮಗಾದ ಅವಮಾನವಲ್ಲ, ರೋಗದ ಲಕ್ಷಣ ಎಂಬುದನ್ನು ಅವರಿಗೆ ತಿಳಿಸಿಹೇಳಬೇಕು. ವ್ರತೋಪವಾಸಗಳು ಆರೋಗ್ಯವಂತರಿಗೆ, ಕಾಯಿಲೆಯವರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ನಮ್ಮ ಸಂಪ್ರದಾಯವೇ ವಿನಾಯಿತಿ ಕೊಟ್ಟಿದೆ. “ಗುಣವಾಗುವ ತನಕ ನಿನ್ನ ಪಾಲಿನ ಏಕಾದಶಿ ನಾನು ಮಾಡುತ್ತೇನೆ, ನೀನು ಊಟ ಮಾಡು” ಎಂದು ಅಜ್ಜಿಯೇ ಹೇಳಿದರೆ ಆ ಮಾತಿಗೆ ವೈದ್ಯರ ಚೀಟಿಯಷ್ಟೇ ಬೆಲೆಯುಂಟು.

ಮದುವೆ ಮುಂಜಿಗಳಲ್ಲಿ ನೆಂಟರು ಮೈಯ ಬಗ್ಗೆ ಆಡುವ ಮಾತುಗಳು ಇನ್ನೊಂದು ಕಂಟಕ. ಮೊದಲೇ ಒಬ್ಬ ಹಿರಿಯರಿಗೆ ವಿಷಯ ತಿಳಿಸಿ, ತೂಕದ ಮಾತು ಯಾರೂ ಎತ್ತದಂತೆ ನೋಡಿಕೊಳ್ಳಬಹುದು. ಮುಂದೆ ಸಂಬಂಧ ಕೂಡಿಬರಲಾರದೆಂಬ ಹೆದರಿಕೆಯಿಂದ ಕಾಯಿಲೆಯನ್ನು ಮುಚ್ಚಿಡುವ ಮನೆಗಳೇ ಹೆಚ್ಚು. ಹಾಗೆ ಮುಚ್ಚಿಟ್ಟ ಒಂದೊಂದು ತಿಂಗಳೂ ಚಿಕಿತ್ಸೆಯ ಫಲವನ್ನು ಕುಗ್ಗಿಸುತ್ತದೆ.

ಆರೈಕೆ ಮಾಡುವವರ ಆರೈಕೆ

ದಿನಕ್ಕೆ ಐದಾರು ಬಾರಿ, ತಿಂಗಳುಗಟ್ಟಲೆ ತಟ್ಟೆಯ ಮುಂದೆ ಕೂರುವುದು ಸಾಮಾನ್ಯ ಶ್ರಮವಲ್ಲ. ಊರಿನ ಕೂಡುಕುಟುಂಬದಲ್ಲಿ ಹಂಚಿಹೋಗುತ್ತಿದ್ದ ಈ ಕೆಲಸ ನಗರದ ಮನೆಯಲ್ಲಿ ಒಬ್ಬಳೇ ತಾಯಿಯ ಮೇಲೆ ಬೀಳುತ್ತದೆ. ಬೆಳಗಿನ ಉಪಾಹಾರ ತಂದೆಯದು, ಮಧ್ಯಾಹ್ನ ಅಜ್ಜಿಯದು, ರಾತ್ರಿ ತಾಯಿಯದು ಎಂದು ಸರದಿ ಮಾಡಿಕೊಳ್ಳುವುದು ಲೇಸು. ವಾರಕ್ಕೊಮ್ಮೆಯಾದರೂ ತಾಯಿಗೆ ಈ ಕೆಲಸದಿಂದ ಬಿಡುವು ಸಿಗಬೇಕು. ಮೆಟ್ಟಿಲ ಮೇಲೆ ಕುಳಿತು ಉಣ್ಣುವ ತಮ್ಮನನ್ನು ಮರೆಯಬಾರದು. ಅವನಿಗೆ ಅವನ ವಯಸ್ಸಿಗೆ ತಕ್ಕಂತೆ ವಿಷಯ ತಿಳಿಸಿ, ಅವನದೇ ಆದ ಒಂದಿಷ್ಟು ಹೊತ್ತನ್ನು ಮೀಸಲಿಡಬೇಕು. ಅವನು ಪಹರೆಯವನಾಗಬೇಕಾಗಿಲ್ಲ, ಅಕ್ಕನ ಗೆಳೆಯನಾಗಿದ್ದರೆ ಸಾಕು.

ನೆರವಿನ ದಾರಿಗಳೂ ಇವೆ. ಮಹಾನಗರಗಳ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೋಗಿಯ ಜೊತೆಗೆ ಮನೆಯವರನ್ನೂ ಸೇರಿಸಿಕೊಂಡು ಚಿಕಿತ್ಸೆ ನೀಡುವ ಪರಂಪರೆಗೆ ಹೆಸರಾಗಿದೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಶುಲ್ಕವಿಲ್ಲದೆ ಕರೆಮಾಡಬಹುದು. ಅದು ಕನ್ನಡದಲ್ಲಿಯೂ ಲಭ್ಯವಿದೆ. ಎದೆಯೊಳಗಿನ ನೋವನ್ನು ಪರಭಾಷೆಯಲ್ಲಿ ಹೇಳಲು ತಡವರಿಸುವ ತಾಯಿತಂದೆಗಳಿಗೆ ಇದೊಂದು ದೊಡ್ಡ ಆಸರೆ. ದೇಹದ ಕಾಯಿಲೆಗಳಿಗಿರುವ ರೀತಿಯಲ್ಲಿಯೇ ಮಾನಸಿಕ ಕಾಯಿಲೆಗಳಿಗೂ ಆರೋಗ್ಯ ವಿಮೆಯಲ್ಲಿ ಅವಕಾಶವಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ವಿಧಿಸಿದೆ.

ಸಂಘದ ಬಂಧುಗಳೂ ಮಾಡಬಹುದಾದುದುಂಟು. ಇಂತಹ ಮನೆಗೆ ಹೋದಾಗ ಉಪದೇಶ ಕೊಡುವ ಬದಲು ಒಂದು ಮಧ್ಯಾಹ್ನ ಮನೆ ನೋಡಿಕೊಳ್ಳುವೆವೆಂದು ಹೇಳುವುದು, ಕಿರಿಯ ಮಗುವನ್ನು ನಾಟಕಕ್ಕೋ ಆಟಕ್ಕೋ ಕರೆದೊಯ್ಯುವುದು, ಆಸ್ಪತ್ರೆಗೆ ಜೊತೆಯಾಗುವುದು, ತಿಳಿದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುವುದು: ಇಷ್ಟಾದರೆ ಊರಿನಿಂದ ದೂರವಿರುವವರಿಗೆ ಊರೇ ಬಂದಂತಾಗುತ್ತದೆ.

ಈ ಕಾಯಿಲೆ ಬೇಗ ಗುಣವಾಗುವಂಥದಲ್ಲ. ನಡುನಡುವೆ ಮರುಕಳಿಸುವುದೂ ಉಂಟು. ಆದರೆ ಬೇಗ ಗುರುತಿಸಿ ಮನೆಯವರು ಒಂದಾಗಿ ನಿಂತಲ್ಲಿ ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಚೇತರಿಕೆಯ ಮೊದಲ ಕುರುಹು ತಕ್ಕಡಿಯ ಮೇಲೆ ಕಾಣದೆಯೂ ಇರಬಹುದು. ಮೆಟ್ಟಿಲ ಮೇಲೆ ಉಣ್ಣುತ್ತಿದ್ದ ತಮ್ಮ ತನ್ನ ತಟ್ಟೆಯೊಡನೆ ಒಳಗೆ ಬಂದು ಅಕ್ಕನ ಪಕ್ಕದಲ್ಲಿ ಕುಳಿತ ದಿನ ಆ ಮನೆಯಲ್ಲಿ ಮಾತು ಮರಳಿದೆಯೆಂದು ತಿಳಿಯಬಹುದು. ಮಾತು ಮರಳಿದ ಮನೆಗೆ ಊಟವೂ ಮರಳುತ್ತದೆ.